ಯಾರೂ ತೆಗೆಯದ ಫೋಲ್ಡರ್

ನನ್ನ ಅಂಗಡಿಗೆ ಬರುವವರೆಲ್ಲ ಲ್ಯಾಪ್‌ಟಾಪನ್ನು ಚೀಲದಿಂದ ಹೊರಗೆ ತೆಗೆಯುವ ಮೊದಲೇ ಹೇಳುವ ಮಾತು ಒಂದೇ. "ಅಣ್ಣಾ, ತುಂಬ ಸ್ಲೋ ಆಗೋಗಿದೆ." ಹತ್ತು ವರ್ಷ ದುಡಿಸಿಕೊಂಡು, ಒಂದು ದಿನವೂ ಒಳಗಿನ ಧೂಳು ತೆಗೆಸದೆ, ಈಗ ಬಂದು ಅದರ ಮೇಲೆಯೇ ದೂರು. ಅವರ ಹತ್ತಿರ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಮನಸ್ಸಿನಲ್ಲೇ ಬೈದುಕೊಂಡು ಸ್ಕ್ರೂ ಬಿಚ್ಚುತ್ತೇನೆ.

ನನ್ನ ಹೆಸರು ಕದಿರೇಶ್. ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಮೂರು ಸಲ ಡುಮ್ಕಿ ಹೊಡೆದವನಿಗೆ ಇದಕ್ಕಿಂತ ಒಳ್ಳೆಯ ಕಸುಬು ಸಿಗುತ್ತಿರಲಿಲ್ಲ. ನನ್ನ ಅಂಗಡಿಗೆ ಒಂದು ನಿಯಮವಿತ್ತು: ಮಿಷನ್ ತಂದವರೇ ಅದರ ಯಜಮಾನರು, ಅವರು ಹೇಳಿದ್ದನ್ನು ಮಾಡು, ಒಳಗೆ ಏನಿದೆ ಅಂತ ಇಣುಕಬೇಡ. ಗಂಡನ ಮಿಷನ್ನಿನಲ್ಲಿ ಹೆಂಡತಿ ನೋಡಬಾರದ್ದು ಇರುತ್ತದೆ, ಮಗನದ್ದರಲ್ಲಿ ಅಪ್ಪ ನೋಡಬಾರದ್ದು ಇರುತ್ತದೆ. ನಮಗ್ಯಾಕೆ ಬೇಕು? ಈ ನಿಯಮ ಹಿಡಿದುಕೊಂಡೇ ನಾನು ಇಷ್ಟು ವರ್ಷ ಮರ್ಯಾದೆಯಿಂದ ಬದುಕಿದ್ದೆ. ಬೈರಕೂರಿನ ತ್ರಿವೇಣಿಗೆ ನಾನು ಮಾಡಿದ ಅನ್ಯಾಯವೂ ಇದೇ ನಿಯಮದಿಂದ ಆದದ್ದು.

ಮಿಷನ್ ತಂದವನು ಅವಳ ಗಂಡ ಮುನಿಕೃಷ್ಣ. ಮಂಗಳವಾರ ಬೆಳಿಗ್ಗೆ ಮಂಡಿಗೆ ಟೊಮೆಟೊ ಇಳಿಸಿ, ಅದೇ ಗಾಡಿಯಲ್ಲಿ ಅಂಗಡಿಗೆ ಬಂದ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ತನಗೆ ತರಿಸಿದ ಟೀಯಲ್ಲಿ ಅರ್ಧ ನನಗೆ ಕೊಟ್ಟ.

"ನಮ್ಮನೆಯೋಳದ್ದು ಅಣ್ಣಾ ಇದು. ಆನ್ ಮಾಡಿಟ್ಟು ಹೊಲಕ್ಕೆ ಹೋಗಿ ಬರಬೋದು, ಅಷ್ಟೊತ್ತಿಗೆ ತೆಕ್ಕೊಂಡಿರುತ್ತೆ. ಸ್ಪೀಡ್ ಮಾಡ್ಕೊಡಿ ಅಂತ ಒಂದು ತಿಂಗಳಿಂದ ನನ್ನ ಪ್ರಾಣ ತಿಂತಾವ್ಳೆ."

ಲ್ಯಾಪ್‌ಟಾಪ್ ತೆರೆದರೆ ಕೀಲಿಗಳ ಮೇಲೆ ಒಂದು ಚೀಟಿ ಅಂಟಿಸಿತ್ತು. ಮುತ್ತಿನಂಥ ಅಕ್ಷರ. "ದಯವಿಟ್ಟು ಬೇಗ ಕೆಲಸ ಮಾಡುವಂತೆ ಸರಿಮಾಡಿಕೊಡಿ. ಯಾವ ಫೈಲನ್ನೂ ಅಳಿಸಬೇಡಿ. ಒಂದನ್ನೂ." ಕೊನೆಯ ಪದದ ಕೆಳಗೆ ಎರಡು ಗೆರೆ.

"ಇದೇನಪ್ಪಾ ಚೀಟಿ?" ಅಂದೆ.

"ಅದಾ? ಅವ್ಳು ಹಂಗೇ ಅಣ್ಣಾ, ರಾಗಿ ಹಿಟ್ಟಿನ ಡಬ್ಬಕ್ಕೂ ಚೀಟಿ ಅಂಟಿಸ್ತಾಳೆ. ಮೊದ್ಲು ಟೀಚರ್ ಆಗಿದ್ಲಲ್ಲ."

ಇಬ್ಬರೂ ನಕ್ಕೆವು. ನಾನು ಚೀಟಿಯನ್ನು ಕಿತ್ತು ಮೇಜಿನ ಅಂಚಿಗೆ ಅಂಟಿಸಿ ಬಟನ್ ಒತ್ತಿದೆ. ಟೀ ಮುಗಿಯಿತು, ಅವನು ಬೀಡಿ ಸೇದಿ ಬಂದ, ನಾನು ಇನ್ನೊಬ್ಬರ ಪ್ರಿಂಟರ್ ಬಿಚ್ಚಿ ಮುಚ್ಚಿದೆ. ಹದಿನಾಲ್ಕು ನಿಮಿಷಕ್ಕೆ ಪರದೆ ಬಂತು. ಕಾರಣ ಹುಡುಕುವುದು ಕಷ್ಟವೇನೂ ಆಗಲಿಲ್ಲ. ಡಿಸ್ಕ್ ಕುತ್ತಿಗೆಯವರೆಗೂ ತುಂಬಿ, ಉಸಿರಾಡಲು ಜಾಗವೇ ಇರಲಿಲ್ಲ.

ತುಂಬಿಸಿದವರು ಯಾರು ಅಂದರೆ ಇಡೀ ವಂಶ. ಆ ಮನೆಯಲ್ಲಿ ಯಾರ ಫೋನ್ ತುಂಬಿದರೂ ತಂದು ತ್ರಿವೇಣಿಯ ಲ್ಯಾಪ್‌ಟಾಪಿಗೆ ಸುರಿಯುವುದು ವಾಡಿಕೆ. ಭಾವ, ಮೈದುನ, ನಾದಿನಿ, ಚಿಕ್ಕಮಾವನ ಅಳಿಯ. "ನಿನ್ನತ್ರ ಜಾಗ ಇದೆಯಲ್ಲಮ್ಮ" ಅಂತ ಒಂದು ಮಾತು, ಫೋನ್ ಅವಳ ಕೈಗೆ. ಗೃಹಪ್ರವೇಶ, ನಾಮಕರಣ, ಐದೈದು ಗಂಟೆಯ ಮದುವೆ ವಿಡಿಯೋಗಳು, ಹೊಸ ಟ್ರಾಕ್ಟರ್‌ಗೆ ಪೂಜೆ ಮಾಡಿದ ನೂರೆಂಬತ್ತು ಫೋಟೋ. ಮದುವೆಗೆ ಮುಂಚೆ ಅವಳ ಅಪ್ಪ ಬಿ.ಎಡ್. ಓದಲು ಕೊಡಿಸಿದ್ದ ಲ್ಯಾಪ್‌ಟಾಪ್ ಮನೆಯವರೆಲ್ಲರ ಅಟ್ಟವಾಗಿತ್ತು.

ಫೈಲುಗಳನ್ನು ಕಳೆದುಕೊಳ್ಳದೆ ಹಳೆಯ ಮಿಷನ್ನಿಗೆ ವೇಗ ತರಿಸುವುದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಬೇಕು, ನಕಲು ಸರಿಯಾಗಿದೆಯೇ ಅಂತ ತೆರೆದು ನೋಡಬೇಕು, ಆಮೇಲೆ ಕೈ ಹಾಕಬೇಕು. ಹೇಳಿದೆ ಕೂಡ.

"ಅದಕ್ಕೆ ಬೇರೆ ಡಿಸ್ಕು ಯಾಕಣ್ಣಾ? ಬೇಡದ್ದು ಯಾವ್ದಾದ್ರೂ ಇದ್ರೆ ತೆಗೆದಾಕಿ" ಅಂದ ಮುನಿಕೃಷ್ಣ.

ಸರಿ, ಬೇಡದ್ದು ಯಾವುದು? ಒಂದೊಂದಾಗಿ ಹೆಸರು ಓದುತ್ತಾ ಹೋದೆ. ತಂಗಿ ಮದುವೆಯದ್ದು ತೆಗೆದರೆ ತಂಗಿ ಅಳುತ್ತಾಳೆ. ಚಿಕ್ಕಪ್ಪನದ್ದು ತೆಗೆದರೆ ಚಿಕ್ಕಪ್ಪ ಮಾತು ಬಿಡುತ್ತಾನೆ. ಟ್ರಾಕ್ಟರ್ ಪೂಜೆ ತೆಗೆಯುವುದು ಅಪಶಕುನ. ಕೊನೆಗೆ "ಅಜ್ಜಿ ತಿಥಿ" ಅಂತ ಒಂದು ಫೋಲ್ಡರ್ ಬಂತು. ಮುನಿಕೃಷ್ಣನ ಅಜ್ಜಿ ದೊಡ್ಡಗಂಗಮ್ಮ ಮೂರು ವರ್ಷದ ಹಿಂದೆ ತೀರಿಕೊಂಡಿದ್ದಳು. ಹೆಣದ ಫೋಟೋ, ಹನ್ನೊಂದನೆಯ ದಿನದ ವಿಡಿಯೋ.

ನಮ್ಮ ಕಡೆ ಸತ್ತವರ ಫೋಟೋ ತೆಗೆಸುತ್ತಾರೆ, ಆದರೆ ನೋಡುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು ತೆಗೆಸಿದ ಮೇಲೆ ಅದು ಎಲ್ಲೋ ಒಂದು ಕಡೆ ಇರುತ್ತದೆ. ಯಾರೂ ತೆಗೆಯುವುದಿಲ್ಲ, ಯಾರೂ ಎಸೆಯುವುದಿಲ್ಲ.

"ಅಯ್ಯೋ, ಅದ್ಯಾಕಣ್ಣಾ ಮನೇಲಿ" ಅಂತ ಮುನಿಕೃಷ್ಣ ಮುಖ ತಿರುಗಿಸಿದ. "ತೆಗೆದುಬಿಡಿ. ಓಪನ್ ಮಾಡ್ಬೇಡಿ, ಬೆಳಿಗ್ಗೆ ಬೆಳಿಗ್ಗೆ."

ಅರವತ್ತು ಜಿಬಿ ಇತ್ತು ಆ ಫೋಲ್ಡರ್. ಮದುವೆಯೇ ನಲವತ್ತು ಜಿಬಿ ಇರುವಾಗ ತಿಥಿ ಹೇಗೆ ಅರವತ್ತಾಗುತ್ತದೆ ಅಂತ ಕತ್ತೆಗಾದರೂ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಹೆಣದ ಮುಖ ನೋಡಲು ನನಗೂ ಇಷ್ಟವಿರಲಿಲ್ಲ. ಜಗಳ ತೆಗೆಯುವವರು ಯಾರೂ ಇಲ್ಲದ ಫೋಲ್ಡರ್ ಅದೊಂದೇ ಅಂತ ನೆಮ್ಮದಿಯೇ ಆಯಿತು. ಕಸದ ಬುಟ್ಟಿಗೂ ಹೋಗದ ಹಾಗೆ, ನೇರವಾಗಿ ಅಳಿಸಿಬಿಟ್ಟೆ. ಚೀಟಿ ಮೇಜಿನ ಅಂಚಿನಲ್ಲಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು.

ಆಮೇಲೆ ನನ್ನ ಕೈಚಳಕ ತೋರಿಸಿದೆ. ಆನ್ ಮಾಡಿದ ಕೂಡಲೇ ತಾವೂ ಎದ್ದು ಕೂರುವ ಇಪ್ಪತ್ತು ಪ್ರೋಗ್ರಾಂಗಳನ್ನು ಮಲಗಿಸಿದೆ. ಒಂದಕ್ಕೊಂದು ಹೊಡೆದಾಡುತ್ತಿದ್ದ ಮೂರು ಆಂಟಿವೈರಸ್ಸುಗಳಲ್ಲಿ ಎರಡನ್ನು ಕಿತ್ತೆ. ಚೂರುಚೂರಾಗಿ ಡಿಸ್ಕಿನ ತುಂಬ ಹರಡಿದ್ದ ಫೈಲುಗಳನ್ನು ಒಟ್ಟುಗೂಡಿಸಲು ಡಿಫ್ರಾಗ್ ಹಾಕಿ ಮನೆಗೆ ಊಟಕ್ಕೆ ಹೋದೆ. ಖಾಲಿ ಬಿದ್ದ ಜಾಗಕ್ಕೆ ಉಳಿದ ಫೈಲುಗಳನ್ನು ಎಳೆದು ತುಂಬಿಸುವ ಕೆಲಸ ಅದು. ಅಳಿಸಿದ್ದರ ಮೇಲೆ ಬೇರೆಯದನ್ನು ಬರೆಯುತ್ತಾ ಹೋಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಬುಧವಾರ ಕೆಳಗಿನ ಮುಚ್ಚಳ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ನಡುವೆ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ, ಸುಣ್ಣದ ಪುಡಿ. ಜೊತೆಗೆ ಒಣಗಿದ ಹಿಪ್ಪುನೇರಳೆ ಎಲೆಯ ಚೂರು. ರೇಷ್ಮೆ ಹುಳುಗಳ ಮೇಲೆ ರೋಗ ಬಾರದಂತೆ ಉದುರಿಸುವ ಸುಣ್ಣ ಅದು. ಹುಳು ಸಾಕುವ ಶೆಡ್ಡಿಗೆ ಲ್ಯಾಪ್‌ಟಾಪ್ ಯಾಕೆ ಹೋಯಿತು, ಹುಳುಗಳಿಗೆ ಸಿನಿಮಾ ತೋರಿಸುತ್ತಾರೇನೋ ಅಂತ ನಾನೊಬ್ಬನೇ ನಗುತ್ತಿರುವಾಗ ಫೋನ್ ಬಂತು. ರಸೀದಿಯಲ್ಲಿ ಅಂಗಡಿಯ ನಂಬರ್ ಇರುತ್ತದೆ.

"ಕಂಪ್ಯೂಟರ್ ಅಂಗಡೀನಾ ಅಣ್ಣಾ? ಬೈರಕೂರಿಂದ, ತ್ರಿವೇಣಿ. ಮುನಿಕೃಷ್ಣ ಅವ್ರ ಮನೆಯೋರು." ಪಿಸುಮಾತಿಗಿಂತ ಸ್ವಲ್ಪ ಮೇಲಿನ ದನಿ.

"ಹೇಳಿಯಮ್ಮ. ಕುದುರೆ ಆಗೋಗಿದೆ ನಿಮ್ ಲ್ಯಾಪ್‌ಟಾಪು."

"ಏನೂ ಡಿಲೀಟ್ ಮಾಡಿಲ್ಲ ಅಲ್ವಾಣ್ಣಾ?"

"ಏನಿಲ್ಲಮ್ಮ. ಆ ಅಜ್ಜಿ ತಿಥಿದು ಒಂದು ತೆಗೆದ್ವಿ. ನಿಮ್ಮೆಜಮಾನ್ರೇ ಬೇಡ ಅಂದ್ರು."

ಲೈನ್ ಹೋಯಿತೇನೋ ಅಂತ ಫೋನನ್ನು ಕಿವಿಗೆ ಒತ್ತಿದೆ. ಸಣ್ಣ ಮಳೆ ಬಿದ್ದ ಹಾಗೆ ಒಂದು ಸದ್ದು ಬರುತ್ತಿತ್ತು, ಹುಳುಗಳು ಸೊಪ್ಪು ತಿನ್ನುವ ಸದ್ದು.

"ಅಣ್ಣಾ, ನನ್ನ ಪಾಠ ಎಲ್ಲಾ ಅದರೊಳಗಿತ್ತು" ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಬೇಗಬೇಗ ಹೇಳಿದಳು. ಎಸ್ಸೆಸ್ಸೆಲ್ಸಿ ಲೆಕ್ಕದ ಪಾಠಗಳು, ಅವಳೇ ನಿಂತು ಹೇಳಿ ರೆಕಾರ್ಡ್ ಮಾಡಿದ್ದು, ನಲವತ್ತೊಂದು. ಎರಡು ವರ್ಷದ ಕೆಲಸ. ಕೋಲಾರದ ಒಂದು ಟ್ಯೂಷನ್ ಸಂಸ್ಥೆಯವರು ಇಪ್ಪತ್ತು ಪಾಠ ಕಳಿಸಿ, ಹಿಡಿಸಿದರೆ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಶನಿವಾರ ಸಂಜೆ ಐದಕ್ಕೆ ಕೊನೆ. ಕಳಿಸಲು ಕೂತಾಗಲೆಲ್ಲ ಮಿಷನ್ ಸತ್ತುಹೋಗುತ್ತಿತ್ತು. ಅದಕ್ಕೇ ಗಂಡನ ಕೈಕಾಲು ಹಿಡಿದು ನನ್ನ ಹತ್ತಿರ ಕಳಿಸಿದ್ದಳು.

"ಮನೇಲಿ ಯಾರ್ಗೂ ಗೊತ್ತಿಲ್ಲಣ್ಣಾ. ಇವ್ರಿಗೆ ಹೇಳ್ಬೇಡಿ. ಹೇಗಾದ್ರೂ..." ಅನ್ನುವಷ್ಟರಲ್ಲಿ ದನಿ ಬದಲಾಯಿತು. "ಹಾಂ, ಬಂದೆ ಅತ್ತೆ, ಸೊಪ್ಪು ಹಾಕಿದ್ದಾಯ್ತು" ಅಂತ ಗಟ್ಟಿಯಾಗಿ ಕೇಳಿಸಿತು. ಫೋನ್ ಕಟ್ ಆಯಿತು.

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ನನಗೆ ನಾಚಿಕೆಯಾದದ್ದು ಅವತ್ತೇ ಮೊದಲು. ಕೈಯಲ್ಲಿ ಇನ್ನೂ ಸುಣ್ಣದ ಪುಡಿ ಇತ್ತು.

ಅವಳ ಕಥೆಯನ್ನು ನಾನು ಪೂರ್ತಿ ಕೇಳಿದ್ದು ಆಮೇಲೆ, ಆದರೆ ಇಲ್ಲೇ ಹೇಳುತ್ತೇನೆ. ಅವಳ ತವರು ಆವನಿ. ಕೋಲಾರದಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಶ್ರೀನಿವಾಸಪುರದ ಒಂದು ಹೈಸ್ಕೂಲಿನಲ್ಲಿ ಎರಡು ವರ್ಷ ಲೆಕ್ಕ ಹೇಳಿಕೊಟ್ಟಳು. ಮದುವೆಯಾಗಿ ಬೈರಕೂರಿಗೆ ಬಂದಳು. ಇನ್ನು ಸ್ಕೂಲಿಗೆ ಹೋಗಬೇಡ ಅಂತ ಯಾರೂ ಹೇಳಲಿಲ್ಲ. "ಈ ಬೆಳೆ ಹುಳ ಮುಗೀಲಿ" ಅಂದರು. ಒಂದು ಬೆಳೆ ಗೂಡು ಬಿಡಿಸಿ ಮಾರಿದ ಹತ್ತು ದಿನಕ್ಕೆ ಇನ್ನೊಂದು ಬೆಳೆ ಮರಿ ಬರುತ್ತದೆ. ಹೀಗೆ ಎಂಟು ವರ್ಷ ಆಯಿತು.

ನಡುವೆ ಒಂದೇ ಒಂದು ಸಲ ಪಾಠವೊಂದನ್ನು ರೆಕಾರ್ಡ್ ಮಾಡಿ ನೆಟ್ಟಿಗೆ ಹಾಕಿದ್ದಳು. ಮೈದುನ ಅದನ್ನು ಯಾರದೋ ನಾಮಕರಣದ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಹಾಕಿ ತೋರಿಸಿದ. ಜನ ನಕ್ಕರು, ಒಳ್ಳೆಯ ನಗುವೇ. ಮಾವ ಪೆದ್ದಪ್ಪ ಮಾತ್ರ ಎಲೆಯಿಂದ ತಲೆ ಎತ್ತದೆ, "ನಮ್ಮನೆ ಹೆಣ್ಣುಮಕ್ಕಳ ಮುಖ ಕಂಡಕಂಡೋರ ಫೋನಲ್ಲಿ ಬೇಕಾ?" ಅಂದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಬೈಗುಳವಿಲ್ಲ, ಕೂಗಾಟವಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು ಅಂತ ತ್ರಿವೇಣಿ ನನಗೆ ಹೇಳಿದಳು. ಅವತ್ತೇ ಸಂಜೆ ಅವಳು ಅದನ್ನು ತೆಗೆದುಬಿಟ್ಟಳು.

ಆಮೇಲೆ ಪಾಠಗಳು ಹುಳದ ಮನೆಗೆ ಹೋದವು. ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಸೊಪ್ಪು ಹಾಕುವ ನೆಪದಲ್ಲಿ ಹೋಗಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಮುಂದೆ ಹಳೆಯ ಹಲಗೆಯೊಂದನ್ನು ನಿಲ್ಲಿಸಿ, ತಗ್ಗಿದ ದನಿಯಲ್ಲಿ ಇಪ್ಪತ್ತು ನಿಮಿಷ. ಎಲ್ಲಿ ಬಚ್ಚಿಡುವುದು? ಲ್ಯಾಪ್‌ಟಾಪಿಗೆ ಮನೆಯವರೆಲ್ಲ ಕೈ ಹಾಕುತ್ತಾರೆ. ಪೆನ್‌ಡ್ರೈವ್ ಮನೆಯಲ್ಲಿ ಒಂದೇ, ಅದು ಸದಾ ಟಿವಿಗೆ ಚುಚ್ಚಿಕೊಂಡಿರುತ್ತದೆ. ಯಾರೂ ಎಂದೂ ತೆರೆಯದ ಜಾಗ ಒಂದೇ ಒಂದಿತ್ತು. ಸತ್ತ ಅಜ್ಜಿಯ ಫೋಟೋಗಳ ಜೊತೆಗೆ ತನ್ನ ಪಾಠಗಳನ್ನು ಇಟ್ಟಳು. ಅವಳ ಬುದ್ಧಿ ತಪ್ಪಿರಲಿಲ್ಲ. ಯಾರೂ ತೆರೆಯುವುದಿಲ್ಲ ಅಂದುಕೊಂಡಿದ್ದು ನಿಜವೇ ಆಯಿತು. ನಾನೂ ಮುನಿಕೃಷ್ಣನೂ ತೆರೆಯದೆಯೇ ಅಳಿಸಿದೆವು.

ಬುಧವಾರ ಅವಳ ಫೋನ್ ಕಟ್ ಆದ ಕ್ಷಣವೇ ಡಿಸ್ಕನ್ನು ಮಿಷನ್ನಿಂದ ಬಿಚ್ಚಿದೆ. ಅಳಿಸಿದ್ದನ್ನು ವಾಪಸ್ ತರಬೇಕಾದರೆ ಆ ಡಿಸ್ಕಿನ ಮೇಲೆ ಇನ್ನೊಂದು ಅಕ್ಷರವೂ ಬೀಳಬಾರದು. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಹುಡುಕುವ ಸಾಫ್ಟ್‌ವೇರ್ ಓಡಿಸಿ, ಸಿಕ್ಕಿದ್ದನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿದೆ. ಬಂದ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಅಂತ ಅಟ್ಟಿದೆ. ಸಿಕ್ಕ ಫೈಲುಗಳಿಗೆ ಹೆಸರಿಲ್ಲ, ಬರೀ ನಂಬರ್. ಯಾವುದು ಏನು ಅಂತ ತಿಳಿಯಲು ಒಂದೊಂದನ್ನೂ ತೆರೆಯಲೇಬೇಕು. ನನ್ನ ನಿಯಮ ಅಲ್ಲಿಗೆ ಮುಗಿಯಿತು.

ಬೇರೆಯವರ ಮನೆಯ ಹೆಣ್ಣುಮಗಳನ್ನು ಕದ್ದು ನೋಡಿದ ಹಾಗೆ ಅನಿಸಿ ಮೊದಲು ಹಿಂಸೆಯಾಯಿತು. ತಲೆಗೆ ಟವೆಲ್ ಕಟ್ಟಿಕೊಂಡ ತೆಳ್ಳಗಿನ ಹೆಂಗಸು, ಕೈಯಲ್ಲಿ ಸೀಮೆಸುಣ್ಣ. ಬಾಗಿಲ ಕಡೆ ಆಗಾಗ ನೋಡುತ್ತಿದ್ದಳು. ಕೆಲವು ಪಾಠಗಳಲ್ಲಿ ಮಾತಿನ ಮಧ್ಯೆ ಒಮ್ಮೆಲೇ ನಿಂತು, ಹಲಗೆಯನ್ನು ಗೋಡೆಗೆ ತಿರುಗಿಸಿ, ಸೊಪ್ಪಿನ ಬುಟ್ಟಿ ಎತ್ತಿಕೊಳ್ಳುತ್ತಿದ್ದಳು. ಯಾರೋ ಬಂದು ಹೋಗುವ ಸದ್ದು. ಆಮೇಲೆ ಬುಟ್ಟಿ ಇಳಿಸಿ, ಬಿಟ್ಟ ವಾಕ್ಯವನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದಳು. ಮೂರು ಸಲ ಫೇಲಾದ ನನ್ನ ತಲೆಗೂ ಆ ಲೆಕ್ಕಗಳು ಇಳಿಯುತ್ತಿದ್ದವು ಅನ್ನುವುದು ಬೇರೆ ಮಾತು.

ಶುಕ್ರವಾರದ ಹೊತ್ತಿಗೆ ಅಜ್ಜಿಯ ಹನ್ನೊಂದು ಫೋಟೋ ಸಿಕ್ಕಿದವು. ಪಾಠಗಳಲ್ಲಿ ಪೂರ್ತಿ ಓಡುವುದು ಹದಿನೇಳು. ಇನ್ನೊಂದು ಎಂಟು ಹತ್ತು ಅರ್ಧಕ್ಕೆ ನಿಲ್ಲುತ್ತಿದ್ದವು. ಉಳಿದವನ್ನು ನಾನು ಹಾಕಿದ ಡಿಫ್ರಾಗ್ ತಿಂದುಹಾಕಿತ್ತು.

ಅದೇ ದಿನ ಮಧ್ಯಾಹ್ನ ಮುನಿಕೃಷ್ಣ ಮಿಷನ್ ಕೇಳಿಕೊಂಡು ಬಂದ.

"ಒಂದು ಪಾರ್ಟ್ ಬರ್ಬೇಕಪ್ಪಾ, ಸೋಮವಾರ ಬಾ" ಅಂತ ಸುಳ್ಳು ಹೇಳಿದೆ. ಸೋಮವಾರ ಅಂದರೆ ಅವಳ ಗಡುವು ಮುಗಿದಿರುತ್ತದೆ ಅಂತ ಗೊತ್ತಿತ್ತು. ಆದರೆ ಮಿಷನ್ ಅವನ ಕೈಗೆ ಕೊಟ್ಟರೆ ಆ ಫೈಲುಗಳನ್ನು ಎಲ್ಲಿ ಇಡಲಿ, ಫೋನ್ ಮಾಡಿದರೆ ಆ ಮನೆಯಲ್ಲಿ ಯಾರು ಎತ್ತುತ್ತಾರೋ, ಅವಳಿಗೆ ಹೇಗೆ ತಿಳಿಸಲಿ?

"ಏನಣ್ಣಾ, ಸ್ಪೀಡ್ ಮಾಡ್ಕೊಡಿ ಅಂದ್ರೆ ನೀವೇ ಸ್ಲೋ ಆಗ್ಬಿಟ್ರಲ್ಲ. ಮನೇಲಿ ಅವ್ಳು ಎರಡು ದಿನದಿಂದ ಸರಿಯಾಗಿ ಊಟಾನೂ ಮಾಡ್ತಿಲ್ಲ. ಕೇಳಿದ್ರೆ ಏನಿಲ್ಲ ಅಂತಾಳೆ. ಏನಂತ ತಿಳ್ಕೊಳ್ಳೋದು ನೀವೇ ಹೇಳಿ."

ಅವನ ಮುಖದಲ್ಲಿ ನಿಜವಾದ ಚಿಂತೆ ಇತ್ತು. ಆದರೆ ಹೇಳಬೇಡಿ ಅಂದಿದ್ದಳು ತ್ರಿವೇಣಿ. ಅವಳ ಒಂದು ಮಾತನ್ನು ಮೀರಿ ಆದ ಅನಾಹುತವೇ ಸಾಕಾಗಿತ್ತು.

ಶನಿವಾರ ಒಂದು ಗಂಟೆಗೆ ತ್ರಿವೇಣಿಯೇ ಬಂದಳು, ಒಬ್ಬಳೇ ಅಲ್ಲ. ಅತ್ತೆ ಆಂಜಿನಮ್ಮನ ಕಣ್ಣಿನ ಪೊರೆ ತೋರಿಸಲು ಆಸ್ಪತ್ರೆಗೆ ಕರೆತಂದಿದ್ದಳಂತೆ. ಆಸ್ಪತ್ರೆ ಕೆಲಸ ಬೇಗ ಮುಗಿಯಿತು, ಎರಡು ಗಂಟೆಯ ಬಸ್ಸಿನವರೆಗೆ ಇಲ್ಲಿ ಕೂರೋಣ ಅಂತ ನೆಪ. ಆಂಜಿನಮ್ಮ ಚಪ್ಪಲಿ ಹೊರಗೆ ಬಿಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ತ್ರಿವೇಣಿ ಕೂರಲಿಲ್ಲ.

"ಸಿಕ್ತಾ ಅಣ್ಣಾ?"

"ಸ್ವಲ್ಪ ಸಿಕ್ತಮ್ಮ."

"ಏನು ಸಿಗೋದು?" ಆಂಜಿನಮ್ಮ ಕೇಳಿದರು.

ತ್ರಿವೇಣಿ ನನ್ನ ಕಡೆ ನೋಡದೆ ಹೇಳಿದಳು. "ಅಜ್ಜಿ ಫೋಟೋ ಅತ್ತೆ. ತಿಥಿದು. ಇವ್ರು ಡಿಲೀಟ್ ಮಾಡ್ಸಿಬಿಟ್ಟಿದ್ರು."

ಥೂ, ಅದ್ಯಾಕೆ ಬೇಕು ಅಂತ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ ಅಂತ ನಾವಿಬ್ಬರೂ ಕಾದೆವು. ಆಂಜಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದರು.

"ನಮ್ಮತ್ತೇದಾ? ತೋರ್ಸಪ್ಪಾ ನೋಡೋಣ. ಮೂವತ್ತು ವರ್ಷ ಆಯಮ್ಮನ ಜತೆ ಒಂದೇ ಒಲೆ ಊದಿದೀನಿ. ಹೋದಾಗ ಬಂದೋರ್ಗೆಲ್ಲ ನೀರು ಕೊಡೋದ್ರಲ್ಲೇ ಆಯ್ತು, ಮುಖಾನೂ ಸರಿಯಾಗಿ ನೋಡ್ಲಿಲ್ಲ ನಾನು."

ತ್ರಿವೇಣಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಆ ಹೊತ್ತಿಗೆ ಫೋಟೋ, ಪಾಠ ಎಲ್ಲವೂ ಒಂದೇ ಫೋಲ್ಡರಿನಲ್ಲಿದ್ದವು. ಅವಳು ಇಟ್ಟಿದ್ದ ಹಾಗೆಯೇ ಇಡಬೇಕು ಅಂತ ನಾನೇ ಒಟ್ಟಿಗೆ ಹಾಕಿದ್ದೆ. ಬೇರೆ ದಾರಿ ಕಾಣದೆ ಮೊದಲ ಫೋಟೋ ತೆರೆದೆ. ಕುರ್ಚಿಯಲ್ಲಿ ಕೂರಿಸಿದ್ದ ದೊಡ್ಡಗಂಗಮ್ಮ, ಹಣೆಯಲ್ಲಿ ಕಾಸಿನಗಲ ಕುಂಕುಮ.

"ಅಯ್ಯೋ ನಾ ತಲ್ಲಿ" ಅಂತ ಆಂಜಿನಮ್ಮ ಹೆತ್ತ ತಾಯಿಯನ್ನು ಕರೆದ ಹಾಗೆ ತೆಲುಗಿನಲ್ಲಿ ಗೊಣಗಿದರು. ನಾನು ಒಂದೊಂದಾಗಿ ಮುಂದಕ್ಕೆ ಒತ್ತುತ್ತಾ ಹೋದೆ. ಹನ್ನೊಂದನೆಯದಕ್ಕೆ ಕೈ ತೆಗೆದೆ. "ಅಷ್ಟೇ ಅಮ್ಮಾ."

"ಇನ್ನೂ ಇರುತ್ತೆ ತಾಳು. ನಾನು ನಿಂತಿದ್ದು ಒಂದು ಬರ್ಲೇ ಇಲ್ಲ." ಇಷ್ಟೊತ್ತೂ ನನ್ನ ಬೆರಳನ್ನು ನೋಡುತ್ತಿದ್ದ ಮುದುಕಿ ತಾನೇ ಕೈ ಚಾಚಿ ಅದೇ ಕೀಲಿ ಒತ್ತಿದರು.

ಪರದೆಯ ಮೇಲೆ ತ್ರಿವೇಣಿ ಬಂದಳು. ತಲೆಗೆ ಟವೆಲ್, ಹಿಂದೆ ಚಂದ್ರಿಕೆ. ತಾನಾಗಿಯೇ ಓಡಲು ಶುರುವಾಯಿತು. ನಾನು ನಿಲ್ಲಿಸಲು ಹೋದರೆ ಆಂಜಿನಮ್ಮ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದರು.

"ಇದು ನಮ್ಮ ಹುಳದ ಮನೆ ಅಲ್ವಾ? ಏಮ್ಮಾ, ನೀನು ಸೊಪ್ಪು ಹಾಕೋಕೆ ಅಂತ ಹೋಗ್ತಿದ್ಯಲ್ಲ?"

"ಸೊಪ್ಪು ಹಾಕಿದ್ಮೇಲೇ ಅತ್ತೆ" ಅಂದಳು ತ್ರಿವೇಣಿ. ಅವಳ ಕೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

ಪರದೆಯ ತ್ರಿವೇಣಿ ಹಲಗೆಯ ಮೇಲೆ ಒಂದು ತೆಂಗಿನಮರ, ಒಂದು ಕೋಲು ಬರೆದಿದ್ದಳು. ಮರ ಹತ್ತದೆ ಅದರ ಎತ್ತರ ಹೇಳುವುದು ಹೇಗೆ ಅಂತ ತಗ್ಗಿದ ದನಿಯಲ್ಲಿ ವಿವರಿಸುತ್ತಿದ್ದಳು. "ಬಿಸಿಲಲ್ಲಿ ಮೂರು ಅಡಿ ಕೋಲು ನಿಲ್ಲಿಸಿ. ಅದರ ನೆರಳು ಎರಡು ಅಡಿ ಬಿತ್ತು ಅಂದ್ಕೊಳ್ಳಿ. ಅದೇ ಹೊತ್ತಿಗೆ ಮರದ ನೆರಳು ಇಪ್ಪತ್ತು ಅಡಿ ಇದೆ. ಸೂರ್ಯ ಇಬ್ಬರಿಗೂ ಒಬ್ಬನೇ. ಹಾಗಾದ್ರೆ ಮರದ ಎತ್ತರ..."

ಅಲ್ಲಿಗೆ ನಿಂತಿತು. ಬಾಯಿ ತೆರೆದ ಮುಖ ಹಾಗೇ ಉಳಿಯಿತು. ನಾನು ಹಾಳುಮಾಡಿದ ಫೈಲುಗಳಲ್ಲಿ ಅದೂ ಒಂದು.

"ಆಮೇಲೆ?" ಅಂದರು ಆಂಜಿನಮ್ಮ.

"ಅಷ್ಟೇ ಉಳಿದಿರೋದು ಅಮ್ಮಾ. ಮಿಕ್ಕಿದ್ದು ನನ್ನ ತಪ್ಪಿಂದ ಹೋಯ್ತು" ಅಂದೆ.

"ನಿನ್ನ ಕೇಳ್ಲಿಲ್ಲ ನಾನು. ಇವ್ಳನ್ನ ಕೇಳ್ದೆ. ಆಮೇಲೇನೇ?"

ತ್ರಿವೇಣಿ ಮೊದಲು ಪಿಸುದನಿಯಲ್ಲೇ ಶುರುಮಾಡಿದಳು, ಅಭ್ಯಾಸ ಬಲ. ಎರಡು ವಾಕ್ಯ ಆಗುವಷ್ಟರಲ್ಲಿ ದನಿ ಏರಿತು. ನನ್ನ ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿ ನಿಲ್ಲಿಸಿದಳು. "ಇದು ಕೋಲು. ನೆರಳು ಎರಡಡಿ ಇದ್ರೆ ಕೋಲು ಮೂರಡಿ. ನೆರಳು ನಾಲ್ಕಡಿ ಇದ್ರೆ ಕೋಲು ಆರಡಿ ಆಗ್ಬೇಕು, ಅಲ್ವಾ? ನೆರಳು ಎಷ್ಟಿದ್ರೂ, ಅದರ ಮೇಲೆ ಅದರರ್ಧ ಸೇರಿಸ್ಕೊಂಡ್ರೆ ಆಯ್ತು." ಬೀದಿಯಲ್ಲಿ ಹೋಗುವವರು ಒಳಗೆ ನೋಡುವಷ್ಟು ಗಟ್ಟಿ ದನಿ. ಆ ಮೂರು ದಿನ ಅವಳನ್ನು ಅಷ್ಟೊಂದು ಕೇಳಿದ್ದ ನನಗೇ ಅದು ಅವಳ ದನಿ ಅಂತ ನಂಬಲಾಗಲಿಲ್ಲ.

"ಮೂವತ್ತು" ಅಂದರು ಆಂಜಿನಮ್ಮ. "ಮರ ಮೂವತ್ತಡಿ."

ಅವರು ಓದಿದ್ದು ನಾಲ್ಕನೆಯ ಕ್ಲಾಸು. ತ್ರಿವೇಣಿ ಸ್ಕ್ರೂಡ್ರೈವರ್ ಇಳಿಸಿ ಅತ್ತೆಯನ್ನೇ ನೋಡಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಕೋಲಾರದ ಸಂಸ್ಥೆ, ಇಪ್ಪತ್ತು ಪಾಠ, ಇವತ್ತು ಐದು ಗಂಟೆ.

"ನಿಮ್ಮಾವ ಒಪ್ಪಲ್ಲ ಕಣೇ" ಅಂದರು ಆಂಜಿನಮ್ಮ. ಸಿಟ್ಟಿರಲಿಲ್ಲ. ಹೊಲದಲ್ಲಿ ಬಾವಿ ಎಲ್ಲಿದೆ ಅಂತ ಹೇಳುವ ಹಾಗೆ ಹೇಳಿದರು.

"ಗೊತ್ತು ಅತ್ತೆ." ಅವಳು ನನ್ನ ಕಡೆ ತಿರುಗಿದಳು. "ಹದಿನೇಳೇ ಕಳಿಸಿ ಅಣ್ಣಾ. ಮೂರು ಕಮ್ಮಿ ಇದೆ, ಆಮೇಲೆ ಮಾಡ್ಕೊಡ್ತೀನಿ ಅಂತ ನಾನೇ ಬರೀತೀನಿ."

ಅವಳು ಬರೆದಳು, ನಾನು ಅಂಗಡಿಯ ನೆಟ್ಟಿನಲ್ಲಿ ಹಾಕಿದೆ. ಎರಡು ಗಂಟೆ ಬೇಕು ಅಂತ ತೋರಿಸಿತು. ಹೊರಗೆ ಬೈರಕೂರಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆಂಜಿನಮ್ಮ ಎದ್ದು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದರು. ಆಯಿತು, ಇನ್ನು ಕರೆದುಕೊಂಡು ಹೊರಟೇಬಿಡುತ್ತಾರೆ ಅಂದುಕೊಂಡೆ. ಅವರು ಸೊಂಟದಿಂದ ಫೋನ್ ತೆಗೆದು ಮಗನಿಗೆ ಹಚ್ಚಿದರು.

"ಲೇ ಮುನಿಕೃಷ್ಣ, ಆಸ್ಪತ್ರೇಲಿ ಜನ ಜಾಸ್ತಿ ಕಣೋ. ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರ್ಸಿದ್ದಾರೆ. ಬರೋದು ಲೇಟಾಗುತ್ತೆ, ಹುಳಕ್ಕೆ ನೀವೇ ಸೊಪ್ಪು ಹಾಕ್ಕೊಳ್ಳಿ."

ವಾಪಸ್ ಬಂದು ಕೂತರು. ಉಳಿದ ಪಾಠಗಳಲ್ಲಿ ಕೆಲವನ್ನು ಹಾಕಿಸಿ ನೋಡಿದರು. ಅರ್ಥವಾಗದ ಕಡೆ ಸೊಸೆಯನ್ನು ಬೈದು ಮತ್ತೆ ಹೇಳಿಸಿಕೊಂಡರು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಎಲ್ಲವೂ ಹೋಗಿ ಸೇರಿತು. ಅಷ್ಟರಲ್ಲಿ ನಾನು ನನ್ನ ಖರ್ಚಿನಲ್ಲೇ ದೊಡ್ಡ ಹೊಸ ಡಿಸ್ಕನ್ನು ಲ್ಯಾಪ್‌ಟಾಪಿಗೆ ಕೂರಿಸಿ, ವಂಶದವರ ಅಷ್ಟೂ ಫೋಟೋಗಳನ್ನು ಹಾಕಿ ಮುಗಿಸಿದ್ದೆ. ಆನ್ ಮಾಡಿದರೆ ಇಪ್ಪತ್ತು ಸೆಕೆಂಡಿಗೆ ಪರದೆ ಬಂತು.

"ಈ ಪಾಠಗಳ್ನ ಎಲ್ಲಿ ಇಡ್ಲಮ್ಮ?" ಅಂತ ತ್ರಿವೇಣಿಯನ್ನು ಕೇಳಿದೆ. ಯಾವ ಹೆಸರು ಬೇಕಾದರೂ ಇಡಬಹುದಿತ್ತು. ಪಾಠಗಳು ಅಂತ ಇಡಿ ಅನ್ನುತ್ತಾಳೇನೋ ಅಂತ ನನಗೆ ಆಸೆಯಿತ್ತು.

ಉತ್ತರ ಕೊಟ್ಟವರು ಆಂಜಿನಮ್ಮ. "ಅದೇ ಹೆಸ್ರಿರ್ಲಿ. ಮುನಿಕೃಷ್ಣ ಕೇಳಿದ್ರೆ ನಮ್ಮತ್ತೆ ಫೋಟೋ ನಂಗೆ ಬೇಕಿತ್ತು, ನಾನೇ ವಾಪಸ್ ಹಾಕಿಸ್ದೆ ಅಂತೀನಿ. ಅದನ್ನ ಯಾರೂ ತೆಗೆಯಲ್ಲ."

ಇಷ್ಟು ದಿನ ಒಬ್ಬಳು ಬಚ್ಚಿಡುತ್ತಿದ್ದಳು, ಇನ್ನು ಇಬ್ಬರು. ಆ ಮುದುಕಿಯಿಂದ ಕೊಡಲು ಸಾಧ್ಯವಿದ್ದದ್ದು ಅಷ್ಟೇ, ಅದನ್ನು ಪೂರ್ತಿ ಕೊಟ್ಟರು. ಮೊದಲು ಅಳಿಸಿದ್ದ ಅದೇ ಬೆರಳುಗಳಿಂದ "ಅಜ್ಜಿ ತಿಥಿ" ಅಂತ ಟೈಪ್ ಮಾಡಿದೆ.

ತ್ರಿವೇಣಿ ಅಕ್ಷರ ಅಕ್ಷರವನ್ನೂ ನೋಡುತ್ತಾ ನಿಂತಿದ್ದಳು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು, ಅತ್ತೆ ಚಪ್ಪಲಿ ಮೆಟ್ಟುತ್ತಿರುವಾಗ ನನ್ನ ಹತ್ತಿರ ಬಂದು, ಮತ್ತೆ ಅದೇ ತಗ್ಗಿದ ದನಿಯಲ್ಲಿ ಕೇಳಿದಳು.

"ಅಣ್ಣಾ, ಅದರಲ್ಲಿ ಇನ್ನೆಷ್ಟು ಪಾಠ ಹಿಡಿಸುತ್ತೆ?"